ಚೇಂಜ್ ಆಯ್ತಾ, ಮಾಡಿದ್ದಾ?

ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ನಾನು ದಿನಾ ಬಸ್ ಚೇಂಜ್ ಮಾಡ್ತೀನಿ. ಮೈಸೂರು ರಸ್ತೆಯ ಬಸ್ ಇಳಿದು ರಿಂಗ್ ರೋಡಿನ ಬಸ್ ಹತ್ತಬೇಕು. ಹತ್ತಿದ ಕೂಡಲೇ ಕಂಡಕ್ಟರ್ ‘ಚೇಂಜ್ ಕೊಡಿ ಸಾರ್’ ಅಂತಾರೆ. ಶನಿವಾರ ಬಂದ್ರೆ ‘ಒಂದು ಚೇಂಜ್ ಬೇಕಪ್ಪಾ’ ಅಂತ ಗೆಳೆಯರೆಲ್ಲ ನಂದಿಬೆಟ್ಟಕ್ಕೆ ಹೊರಡ್ತೀವಿ. ಚಿಲ್ಲರೆ, ಬದಲಾವಣೆ, ಮಾರ್ಪಾಡು, ಎಲ್ಲವನ್ನೂ ಈ ಒಂದೇ ಇಂಗ್ಲಿಷ್ ಪದ ನುಂಗಿ ಕೂತಿದೆ. ಅದಕ್ಕೆ ನನ್ನ ತಕರಾರಿಲ್ಲ.

ತಕರಾರಿರೋದು ಅದರ ಬಾಲದ ಬಗ್ಗೆ. ಇಂಗ್ಲಿಷಿನಲ್ಲಿ ತಾನಾಗಿ ಬದಲಾದರೂ, ಯಾರೋ ಬದಲಾಯಿಸಿದರೂ ಅದೇ ಪದ ಸಾಕು. ಕನ್ನಡಕ್ಕೆ ಬಂದರೆ ‘ಆಗು’ ಅಥವಾ ‘ಮಾಡು’ ಸೇರಲೇಬೇಕು. ಯಾವುದನ್ನು ಸೇರಿಸ್ತೀವಿ ಅನ್ನೋದರಲ್ಲೇ ನಮ್ಮ ಪ್ರಾಮಾಣಿಕತೆ ಗೊತ್ತಾಗುತ್ತೆ.

ಮೊನ್ನೆ ಅಮ್ಮ ಕೇಳಿದ್ಲು, ‘ಮೊದ್ಲು ದಿನಾ ಫೋನ್ ಮಾಡ್ತಿದ್ದೆ, ಈಗ ಭಾನುವಾರ ಮಾತ್ರ ಯಾಕೋ?’

‘ಏನ್ಮಾಡ್ಲಿ ಅಮ್ಮಾ, ಶಿಫ್ಟ್ ಚೇಂಜ್ ಆಯ್ತು.’

ಶಿಫ್ಟ್ ತಾನಾಗೇನೂ ಚೇಂಜ್ ಆಗಿರಲಿಲ್ಲ. ನಾಲ್ಕು ಕಾಸು ಜಾಸ್ತಿ ಬರುತ್ತೆ ಅಂತ ನಾನೇ ಮ್ಯಾನೇಜರ್ ಹತ್ತಿರ ಕೇಳಿ ಪಡೆದದ್ದು. ಅಷ್ಟಾದರೂ ರೀಲ್ಸ್ ನೋಡೋಕೆ ದಿನಾ ಅರ್ಧ ಗಂಟೆ ಸಿಗುತ್ತೆ.

ಮರುದಿನ ಬಸ್ಸಿಗೆ ಕಾಯ್ತಿದ್ದಾಗ ವೃಷಭಾವತಿಯ ವಾಸನೆ ಬಂತು. ಬಸವನಗುಡಿಯ ದೊಡ್ಡಬಸವನ ಬಳಿ ಹುಟ್ಟಿದ್ದು ಅಂತ ಹೇಳುವ ಈ ನದಿ ಮೈಸೂರು ರಸ್ತೆಯ ಪಕ್ಕ ಹರಿದು, ಅರ್ಕಾವತಿಯನ್ನು ಸೇರಿ, ಕೊನೆಗೆ ಕಾವೇರಿಗೆ ಹೋಗುತ್ತೆ. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡು, ‘ನದಿ ಮೋರಿ ಆಗ್ಹೋಯ್ತು’ ಅಂದ್ರು. ನಾನೂ ತಲೆ ಆಡಿಸಿದೆ. ಆಗ್ಹೋಯ್ತಂತೆ! ನಮ್ಮ ಬಚ್ಚಲಿನ ನೀರು, ಕಾರ್ಖಾನೆಗಳ ಕೊಳೆ ನೀರು ತಾವಾಗೇ ದಾರಿ ಕೇಳಿಕೊಂಡು ಬಂದವೇನು? 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿಗೆ ಮುಟ್ಟಿತಲ್ಲ, ಅದನ್ನು ಮಾತ್ರ ‘ಮಾಡಿದೆವು’ ಅಂತೀವಿ. ಒಳ್ಳೇದು ನಾವು ಮಾಡಿದ್ದು, ಕೆಟ್ಟದ್ದು ತಾನಾಗಿ ಆಗಿದ್ದು.

ತಾನಾಗಿ ಆಗುವ ಬದಲಾವಣೆಗಳೂ ಇವೆ, ಇಲ್ಲ ಅಂತಲ್ಲ. ಅಮ್ಮನ ಕೂದಲು ನೆರೆತದ್ದಕ್ಕೆ, ನನ್ನ ಕನ್ನಡಕದ ನಂಬರ್ ಏರಿದ್ದಕ್ಕೆ ಯಾರನ್ನ ಕೇಳೋಣ? ಎಲ್ಲವನ್ನೂ ‘ನಾನೇ ಮಾಡಿದೆ’ ಅಂತ ಹೊತ್ತುಕೊಳ್ಳೋದೂ ಒಂಥರಾ ಅಹಂಕಾರವೇ. ಆದರೆ ಮಾಡಿದ್ದನ್ನು ‘ಆಯ್ತು’ ಅಂದುಬಿಟ್ಟರೆ, ಸರಿಮಾಡೋಕೆ ಯಾರೂ ಉಳಿಯಲ್ಲ. ‘ಮಾಡಿದೆ’ ಅಂದವನು ಮಾತ್ರ ಇನ್ನೊಂದು ಸಲ ಬೇರೆ ಥರ ಮಾಡಬಲ್ಲ.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಭಾನುವಾರ ಅಲ್ಲ, ಬುಧವಾರ.

‘ಅಮ್ಮಾ, ಶಿಫ್ಟ್ ನಾನೇ ಕೇಳಿ ಚೇಂಜ್ ಮಾಡಿಸ್ಕೊಂಡಿದ್ದು.’

‘ಗೊತ್ತಿತ್ತು ಬಿಡು. ಊಟ ಮಾಡಿದ್ಯಾ?’