ದಮ್ಮಿಗೆ ಸಾಕ್ಷಿ ಯಾರು?

“ಉಸಿರು ಒಳಗ ಎಳಕೊಳ್ರಿ, ಹಿಡೀರಿ.” ಎದೆಯ ಸಿ.ಟಿ. ಸ್ಕ್ಯಾನಿಗೆ ಮಲಗಿದವರ ಕಿವಿಗೆ ಬೀಳುವ ಮಾತು ಇದು. ಎದೆ ಅಲುಗಿದರೆ ಚಿತ್ರ ಮಸುಕಾಗುತ್ತದೆ. ಉಸಿರಿನ ಕಾಯಿಲೆ ನೋಡಲು ಉಸಿರನ್ನೇ ನಿಲ್ಲಿಸಬೇಕು. ಕೆಲವೇ ಸೆಕೆಂಡು. ಆಮೇಲೆ ಕವಲೊಡೆದ ಶ್ವಾಸನಾಳಗಳು ಮೂರು ಆಯಾಮದಲ್ಲಿ ಪರದೆಯ ಮೇಲೆ ತಿರುಗತೊಡಗುತ್ತವೆ. ನೋಡಿದವರು ಎಲ್ಲ ಕಣ್ಣಾರೆ ಕಂಡೆವೆಂದುಕೊಳ್ಳುತ್ತಾರೆ.

ನಿಜಕ್ಕೂ ಕಂಡರೇ? ನ್ಯಾಯದರ್ಶನ ಒಪ್ಪುವ ಪ್ರಮಾಣಗಳು, ಅಂದರೆ ಅರಿವಿನ ದಾರಿಗಳು, ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆಯೆಂದು ತಿಳಿಯುವುದು ಅನುಮಾನ. ಸಿ.ಟಿ. ಚಿತ್ರವೂ ಇದೇ ಜಾತಿಯದು. ದೇಹ ಎಷ್ಟು ಕ್ಷ-ಕಿರಣ ಹೀರಿತೆಂದು ಸುತ್ತಲಿಂದ ಅಳೆದು, ಒಳಗೇನಿದೆ ಎಂಬುದನ್ನು ಯಂತ್ರ ಲೆಕ್ಕ ಹಾಕುತ್ತದೆ. 1971ರಲ್ಲಿ ಮೊದಲ ರೋಗಿಯ ಸ್ಕ್ಯಾನ್ ಆಗಿದ್ದು ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಯಂತ್ರದಲ್ಲಿ. ಅವರ ಹೆಸರಿನ ಅಳತೆಯಲ್ಲಿ ನೀರಿಗೆ 0, ಗಾಳಿಗೆ -1000. ಪರದೆಯ ಕಪ್ಪು-ಬಿಳುಪು ಈ ಅಂಕಿಗಳಿಗೆ ಬಳಿದ ಬಣ್ಣ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹೊಗೆ ಬರೀ ತರ್ಕದ ಪಾಠವಲ್ಲ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿದ ಒಣ ಗರಿಯ ರವದಿಗೆ ಬೆಂಕಿ ಬೀಳುತ್ತದೆ. ಸಂಕೇಶ್ವರದಲ್ಲಿ ಸಕ್ಕರೆ ಕಾರ್ಖಾನೆ. ಗೋಕಾಕ ಜಲಪಾತದ ಪಕ್ಕದಲ್ಲಿ 19ನೇ ಶತಮಾನದ ಹತ್ತಿ ಗಿರಣಿ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ರೋಗದ ರೀತಿ ವಿಚಿತ್ರ: ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿಯುತ್ತದೆ. ಆರಂಭದ ಹಂತದಲ್ಲಿ ಎಕ್ಸ್-ರೇಯಲ್ಲಿ ಏನೂ ಕಾಣದು. ಯಾವ ದಿನ ಬಿಗಿಯಿತೆಂದು ಹೇಳಬಲ್ಲವನು ಕೆಲಸಗಾರನೊಬ್ಬನೇ.

ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ಧೂಳಿನಿಂದಲೂ ಶ್ವಾಸಕೋಶ ಕೆಡುತ್ತದೆ. ಇಲ್ಲಿ ಸ್ಕ್ಯಾನಿನ ಉಪಕಾರ ದೊಡ್ಡದು. ಉಸಿರು ಪೂರ್ತಿ ಹೊರಬಿಟ್ಟಾಗ ಇನ್ನೊಮ್ಮೆ ಚಿತ್ರ ತೆಗೆದರೆ ಗಾಳಿ ಸಿಕ್ಕಿಕೊಂಡ ಜಾಗಗಳು ಕಪ್ಪಾಗಿಯೇ ಉಳಿಯುತ್ತವೆ. ಆದರೆ ಕಾರಣ ಸಿಪ್ಪೆಯೋ ಪಾರಿವಾಳದ ಹಿಕ್ಕೆಯೋ ಎಂಬುದನ್ನು ಚಿತ್ರ ಹೇಳುವುದಿಲ್ಲ. ಅಸ್ತಮಾದಲ್ಲಂತೂ ಸ್ಕ್ಯಾನ್ ಎಷ್ಟೋ ಸಲ ಸ್ವಚ್ಛವಾಗಿಯೇ ಬರುತ್ತದೆ. ಹಾಗೆಂದು “ದಮ್ಮು ಹತ್ತೇತ್ರಿ” ಅಂದವರ ಮಾತು ಸುಳ್ಳೇ?

ಆಪ್ತನ, ಅಂದರೆ ಬಲ್ಲ ನಂಬಿಕಸ್ಥನ, ಮಾತೇ ಶಬ್ದಪ್ರಮಾಣ. ತನ್ನ ಉಸಿರಿನ ಮಟ್ಟಿಗೆ ಉಸಿರಾಡುವವನಿಗಿಂತ ಆಪ್ತ ಯಾರು? ಶರಣರ ಷಟ್‌ಸ್ಥಲವೆಂಬ ಸಾಧನೆಯ ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದು ಪ್ರಾಣಲಿಂಗಿ. ಅಲ್ಲಿಯೂ ಪ್ರಾಣದ ಅರಿವು ಅನುಭವಿಸಿದವನದೇ, ಪಕ್ಕದಲ್ಲಿ ನಿಂತು ನೋಡಿದವನದಲ್ಲ. ಆದರೆ ರೋಗಿಯ ಮಾತೊಂದೇ ಸಾಲದು ಎನ್ನುವುದೂ ಅಷ್ಟೇ ಸತ್ಯ. ಬೀಡಿ ಸೇದುತ್ತ “ನನಗೇನೂ ಆಗಿಲ್ಲ” ಎನ್ನುವವನ ಗಾಳಿಗೂಡುಗಳು ಹರಿದುಹೋಗಿರುವುದನ್ನು ಸ್ಕ್ಯಾನ್ ತೋರಿಸೀತು. ಎರಡು ಪ್ರಮಾಣಗಳು ಜಗಳಕ್ಕೆ ಬಿದ್ದಾಗ ಒಂದನ್ನು ಹೊರಗೆ ಹಾಕುವುದು ಸೋಮಾರಿತನ. ಮತ್ತೆ ಕೇಳುವುದು, ಊದಿಸಿ ಉಸಿರಿನ ಬಲ ಅಳೆಯುವುದು ವೈದ್ಯನ ಕೆಲಸ.

ಇಟಲಿಯ ವೈದ್ಯ ರಮಾಜಿನಿ 1700ರಲ್ಲೇ ವೈದ್ಯರಿಗೆ ಹೇಳಿದ್ದು ಇಷ್ಟು: ರೋಗಿ ಯಾವ ಕೆಲಸ ಮಾಡುತ್ತಾನೆಂದು ಕೇಳಿ. ಸ್ಕ್ಯಾನಿನ ಫಿಲ್ಮು ಹಿಡಿದು ಡಾಕ್ಟರ ಮುಂದೆ ಕೂತಾಗ ಅವರು ಕೇಳದಿದ್ದರೂ ನೀವೇ ಹೇಳಿ: ಗಿರಣಿಯೋ, ಗಾಣವೋ, ಮೆಣಸಿನಕಾಯಿ ಗೋದಾಮೋ, ಮನೆಯಲ್ಲಿ ಕಟ್ಟಿಗೆ ಒಲೆಯೋ, ಎಷ್ಟು ವರ್ಷ ಎಂದು.