ಪ್ರೋಟೀನಿಗೆ ಹಚ್ಚಿದ ಗುರುತು

ಮೂಡಲಗಿಯ ಮೆಡಿಕಲ್‌ನಲ್ಲಿ ಕಾಗದ ಸುತ್ತಿ ಕೊಡುವ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಬಸಿರು ಪರೀಕ್ಷೆಯ ಕಾರ್ಡನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎರಡು ಮೂರು ಹನಿ ಬಿಟ್ಟರೆ ಪಟ್ಟಿ ಮೆಲ್ಲಗೆ ತೊಯ್ಯುತ್ತದೆ, ಕೆಲವೇ ನಿಮಿಷಕ್ಕೆ ಗುಲಾಬಿ ಗೆರೆ ಮೂಡುತ್ತದೆ. ಸಾಮಾನ್ಯವಾಗಿ ಆ ಬಣ್ಣ ಬಂಗಾರದ್ದು. ಕಣ್ಣಿಗೆ ನಿಲುಕದಷ್ಟು ಸಣ್ಣ ಕಣವಾದಾಗ ಬಂಗಾರ ಹಳದಿ ಬಿಟ್ಟು ಕೆಂಪಾಗುತ್ತದೆ. ಅದನ್ನು ಹೊತ್ತು ತರುವುದು ಆ್ಯಂಟಿಬಾಡಿ. ಬಸಿರಿನ ಹಾರ್ಮೋನನ್ನು ಅದು ತಪ್ಪದೆ ಹಿಡಿಯುತ್ತದೆ, ಆದರೆ ಹಿಡಿದದ್ದನ್ನು ತೋರಿಸಲು ಅದಕ್ಕೆ ಸ್ವಂತ ಬಣ್ಣವಿಲ್ಲ.

ಜೀವಕೋಶದ ಒಳಗನ್ನು ನೋಡುವವರ ಉಪಾಯವೂ ಇದೇ. ಅಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳು ಕಿಕ್ಕಿರಿದಿವೆ, ಸೂಕ್ಷ್ಮದರ್ಶಕದಲ್ಲಿ ಯಾವುದು ಯಾವುದೆಂದು ತಿಳಿಯದು. ಹಿಂಡುಗಳು ಕಲೆತಾಗ ಗುರುತು ಸಿಗಲೆಂದು ಗೋಕಾಕ ಸೀಮೆಯ ಕುರಿಗಾರರು ತಮ್ಮ ಕುರಿಗೆ ಬಣ್ಣ ಹಚ್ಚುವಂತೆ, ಬೇಕಾದ ಪ್ರೋಟೀನಿಗೆ ಹೊಳೆಯುವ ಬಣ್ಣದ ಆ್ಯಂಟಿಬಾಡಿ ಅಂಟಿಸುತ್ತಾರೆ. 1941ರಲ್ಲಿ ಆಲ್ಬರ್ಟ್ ಕೂನ್ಸ್ ತೋರಿಸಿದ ದಾರಿಯದು. ಆದರೆ ಆ್ಯಂಟಿಬಾಡಿ ಒಳಹೊಗಬೇಕಾದರೆ ಸಾಮಾನ್ಯವಾಗಿ ಕೋಶವನ್ನು ಫಾರ್ಮಾಲಿನ್ ಹಾಕಿ ಗಟ್ಟಿಮಾಡಿ, ಪೊರೆಗೆ ತೂತು ಬೀಳಿಸಬೇಕು. ನಮಗೆ ಕಾಣುವ ಹೊತ್ತಿಗೆ ಅದು ಬದುಕಿರುವುದಿಲ್ಲ.

ನನ್ನ ಮೈ ಜುಮ್ಮೆನ್ನುವುದು ಮುಂದಿನದಕ್ಕೆ. ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುವ ಒಂದು ಪ್ರೋಟೀನಿನ ಸುದ್ದಿಯನ್ನು 1962ರಲ್ಲಿ ಒಸಾಮು ಶಿಮೊಮುರಾ ಜೆಲ್ಲಿ ಫಿಶ್‌ನಿಂದ ತಂದರು. 238 ಅಮೈನೋ ಆಮ್ಲಗಳ ಎಳೆ ತನ್ನಷ್ಟಕ್ಕೆ ಮಡಚಿಕೊಳ್ಳುತ್ತದೆ; ಆಮ್ಲಜನಕ ಸಿಕ್ಕಿತೋ, ಅದರಲ್ಲಿನ ಮೂರು ಆಮ್ಲಗಳು ತಾವೇ ಬೆಸೆದು ಬಣ್ಣವಾಗುತ್ತವೆ. ಹೊರಗಿನಿಂದ ಬಣ್ಣ ತರುವ ಗೋಜೇ ಇಲ್ಲ! ಹಾಗಾಗಿ ಇದರ ಜೀನನ್ನು ಬೇರೊಂದು ಪ್ರೋಟೀನಿನ ಜೀನಿಗೆ ಜೋಡಿಸಿದರೆ, ಜೀವಂತ ಕೋಶವೇ ಆ ಪ್ರೋಟೀನನ್ನು ಗುರುತಿನ ಸಮೇತ ತಯಾರಿಸುತ್ತದೆ. 1994ರಲ್ಲಿ ಮಾರ್ಟಿನ್ ಚಾಲ್ಫಿ ಒಂದು ಹುಳುವಿನ ನರಕೋಶಗಳನ್ನು ಇದೇ ಜೀನಿನಿಂದ ಬೆಳಗಿಸಿದರು. ಅವರಿಗೆ ಜೀನು ಕೊಟ್ಟ ಡಗ್ಲಸ್ ಪ್ರಾಶರ್ ಹೆಸರು ಈ ಪ್ರೋಟೀನಿನ ಕೆಲಸಕ್ಕೆ ಸಂದ 2008ರ ನೊಬೆಲ್ ಪಟ್ಟಿಯಲ್ಲಿ ಇರಲಿಲ್ಲ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಬೆಂಗಳೂರಿನಲ್ಲಿ ಒಬೈದ್ ಸಿದ್ದಿಕಿ ಕಟ್ಟಿದ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ವೆರೋನಿಕಾ ರೊಡ್ರಿಗಸ್ ಹಣ್ಣುನೊಣ ವಾಸನೆ ಹಿಡಿಯುವ ಬಗೆಯನ್ನು ಹುಡುಕಿದರು. ಹುಕ್ಕೇರಿ ಸಂತೆಯಲ್ಲಿ ಕಳಿತ ಬಾಳೆಹಣ್ಣಿಗೆ ಮುತ್ತುವಂಥದೇ ಸಣ್ಣ ನೊಣ. ಅದರ ತಲೆಯೊಳಗಿನ ಒಂದೊಂದು ನರದ ಎಳೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಇಂಥ ಗುರುತುಗಳಿಂದ ಕಾಣಬಹುದು.

ಹಸಿರು ಗುರುತೂ ಪೂರ್ತಿ ನಿರುಪದ್ರವಿಯಲ್ಲ. ಎಷ್ಟೋ ಸಲ ಅದು ತಾನು ಅಂಟಿಕೊಂಡ ಪ್ರೋಟೀನಿಗಿಂತ ದೊಡ್ಡದು, ಅದರ ಓಡಾಟವನ್ನೇ ಕೆಡಿಸಬಲ್ಲದು. ಅದಕ್ಕೇ ಎಚ್ಚರದ ಸಂಶೋಧಕರು ಗುರುತಿಲ್ಲದ ಕೋಶವೊಂದಕ್ಕೆ ಮತ್ತೆ ಆ್ಯಂಟಿಬಾಡಿ ಹಾಕಿ, ಎರಡೂ ಒಂದೇ ಜಾಗ ತೋರಿಸುತ್ತವೆಯೇ ಎಂದು ತಾಳೆ ನೋಡುತ್ತಾರೆ.