ಯಾರ ಕಾಲ ಒಳ್ಳೆಯದು?

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಪರವೂರಿನ ಕನಸು ಕಾಣುವವರಿಗೆ ಹೇಳುತ್ತೇವೆ. ಕಾಲದಲ್ಲಿ ದೂರವಾದ ಬೆಟ್ಟಕ್ಕೂ ಅದು ಅಷ್ಟೇ ಸಲ್ಲುತ್ತದೆ. ನಮ್ಮ ಕಡೆಯ ಬಯಲಾಟದ ಪ್ರೇಕ್ಷಕರನ್ನೇ ನೋಡಿ. ಇಂತಹ ಮೇಳದ ಇಂತಹ ಭಾಗವತರ ಕಾಲವೇ ಕಾಲ, ಆಮೇಲಿನದೆಲ್ಲ ಬರಿಯ ಗದ್ದಲ ಎಂದು ವಾದಿಸುವ ಹಿರಿಯರು ಊರೂರಿನಲ್ಲಿ ಇದ್ದಾರೆ. ಅವರ ಅಪ್ಪಂದಿರು ಅದೇ ಮಾತನ್ನು ಅದಕ್ಕೂ ಹಿಂದಿನ ಭಾಗವತರ ಬಗ್ಗೆ ಹೇಳಿದ್ದರು. ಹಾಗಾದರೆ ಯಾರ ಕಾಲ ಒಳ್ಳೆಯದು? ಈ ಪ್ರಶ್ನೆಗೆ ಉತ್ತರವೆಂಬುದು ಇದೆಯೇ? ಇದ್ದರೆ ಅದನ್ನು ಹೇಳುವ ಹಕ್ಕು ಯಾರದು?

ಇದನ್ನು ವಿಚಾರಿಸಲು ನಾನು ಆರಿಸಿಕೊಂಡದ್ದು ಬೇರೊಂದು ಆಟವನ್ನು. ಮಕ್ಕಳಿರುವ ಮನೆಯವರಿಗೆ ಪೋಕೆಮಾನ್ ಎಂಬ ಹೆಸರು ಹೊಸತಲ್ಲ. ಟಿ.ವಿ.ಯ ಕಾರ್ಟೂನಾಗಿ ಅದನ್ನು ಬಲ್ಲವರು ಹೆಚ್ಚು. ಮೂಲದಲ್ಲಿ ಅದು ಜಪಾನಿನ ಒಂದು ವಿಡಿಯೋ ಗೇಮ್. ಬಯಲಾಟಕ್ಕೆ ಶತಮಾನಗಳ ವಯಸ್ಸಾದ್ದರಿಂದ ಅದರ ಸುವರ್ಣಯುಗ ಹೇಗೆ ಹುಟ್ಟಿತೆಂದು ತೋರಿಸಿಕೊಡುವುದು ಕಷ್ಟ. ಪೋಕೆಮಾನಿನ ವಯಸ್ಸು ಸುಮಾರು ಮೂವತ್ತು ವರ್ಷ. ಅದರ ಪ್ರತಿಯೊಂದು ಕಾಲಕ್ಕೂ ತಾರೀಕು ಇದೆ. ಒಂದು ಸುವರ್ಣಯುಗ ನಮ್ಮ ಕಣ್ಣೆದುರಿಗೇ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಅಲ್ಲಿ ನೋಡಬಹುದು.

ಮೊದಲ ಆಟಗಳು, ಕೆಂಪು ಮತ್ತು ಹಸಿರು ಎಂಬ ಹೆಸರಿನ ಎರಡು ಕ್ಯಾಸೆಟ್ಟುಗಳು, 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಬಿಡುಗಡೆಯಾದವು. ಅಂಗೈಯಲ್ಲಿ ಹಿಡಿಯುವ ಗೇಮ್ ಬಾಯ್ ಯಂತ್ರಕ್ಕಾಗಿ ಮಾಡಿದ ಆಟವದು. ಆ ಯಂತ್ರ ಬಂದದ್ದು 1989ರಲ್ಲಿ. ಏಳು ವರ್ಷಗಳಲ್ಲಿ ಅದು ಹಳತಾಗಿತ್ತು. ಆಡುವ ಹುಡುಗ ಊರೂರು ತಿರುಗಿ, ಹುಲ್ಲಿನಲ್ಲಿ, ಗುಹೆಯಲ್ಲಿ, ನೀರಿನಲ್ಲಿ ಸಿಗುವ ವಿಚಿತ್ರ ಜೀವಿಗಳನ್ನು ಹಿಡಿದು, ಸಾಕಿ, ಬೆಳೆಸಿ, ಸ್ಪರ್ಧೆಗೆ ಇಳಿಸಬೇಕು. ಇಂತಹ ಜೀವಿಗಳು ಒಟ್ಟು 151. ಮುಂದೆ ಕೆಲವು ವರ್ಷಗಳಿಗೊಮ್ಮೆ ಹೊಸ ನಾಡು, ಹೊಸ ಜೀವಿಗಳೊಂದಿಗೆ ಹೊಸ ಆಟ ಬರುತ್ತಾ ಹೋಯಿತು. ಆಡುವವರು ಇವುಗಳನ್ನು ತಲೆಮಾರು ಎಂದೇ ಎಣಿಸುತ್ತಾರೆ. ನಮ್ಮ ತಲೆಮಾರೂ ಮಲಯಾಳದ ತಲಮುರವೂ ಒಂದೇ ಮಾತು. ಎರಡರಲ್ಲೂ ಅಪ್ಪನಿಂದ ಮಗನಿಗೆ ದಾಟುವ ಅರ್ಥವಿದೆ. 1999ರಲ್ಲಿ ಚಿನ್ನ ಮತ್ತು ಬೆಳ್ಳಿ, 2002ರಲ್ಲಿ ಮಾಣಿಕ್ಯ ಮತ್ತು ನೀಲ, 2006ರಲ್ಲಿ ವಜ್ರ ಮತ್ತು ಮುತ್ತು, 2010ರಲ್ಲಿ ಕಪ್ಪು ಮತ್ತು ಬಿಳಿ, ಹೀಗೆ ಸಾಗಿ 2022ರ ಹೊತ್ತಿಗೆ ಒಂಬತ್ತು ತಲೆಮಾರುಗಳಾದವು. 151 ಇದ್ದ ಜೀವಿಗಳು 2024ರಲ್ಲಿ 1025 ಆಗಿದ್ದವು.

ಇವುಗಳಲ್ಲಿ ಯಾವ ತಲೆಮಾರು ಶ್ರೇಷ್ಠ ಎಂಬ ವಾದ ಲೋಕದಾದ್ಯಂತ ನಡೆಯುತ್ತಲೇ ಇದೆ. ನಮ್ಮ ಮನೆಯಲ್ಲಿಯೂ ಇದಕ್ಕೆ ಎರಡು ಪಕ್ಷ. ಅಣ್ಣನ ಮಗನಿಗೆ ಚಿಕ್ಕಂದಿನಲ್ಲಿ ದುಬಾಯಿಯಿಂದ ಬಂದ ನೆಂಟರೊಬ್ಬರು ಹಳೆಯ ಗೇಮ್ ಬಾಯ್ ತಂದುಕೊಟ್ಟಿದ್ದರು. ತಮ್ಮನ ಮಗಳು ಆಡುವುದು ಈಚಿನ ಆಟವನ್ನು. ಓಣಂ ರಜೆಯಲ್ಲಿ ಇಬ್ಬರೂ ಚಾವಡಿಯಲ್ಲಿ ಕೂತಿದ್ದಾಗ ಅವನು, “ನೀನು ಹುಟ್ಟುವ ಮೊದಲೇ ಒಳ್ಳೆಯದೆಲ್ಲ ಮುಗಿದಿತ್ತು ಮಾರಾಯ್ತಿ” ಎಂದ. ಅವಳು ತಲೆಯೆತ್ತದೆ, “ನಿನಗೆ ಅದು ಇಷ್ಟ ಅಂತ ಹೇಳಣ್ಣ. ನನ್ನದು ಪೊಟ್ಟು ಅಂತ ಯಾಕೆ ಹೇಳುವುದು?” ಎಂದಳು.

ಹುಡುಗಿ ಕೇಳಿದ ಪ್ರಶ್ನೆ ಚಿಕ್ಕದಲ್ಲ. ‘ನಮ್ಮ ಕಾಲವೇ ಚೆಂದ’ ಎನ್ನುವಾಗ ನಾವು ಮೂರು ಮಾತುಗಳನ್ನು ಒಂದೇ ಉಸಿರಿನಲ್ಲಿ ಆಡಿಬಿಡುತ್ತೇವೆ. ಮೊದಲನೆಯದು, ನನಗೆ ಅದು ಇಷ್ಟ. ಎರಡನೆಯದು, ಅದು ಮಿಕ್ಕವುಗಳಿಗಿಂತ ಉತ್ತಮ. ಮೂರನೆಯದು, ಅದೊಂದೇ ನಿಜವಾದದ್ದು, ಆಮೇಲಿನದು ಲೆಕ್ಕಕ್ಕಿಲ್ಲ. ಮೊದಲನೆಯದಕ್ಕೆ ಯಾರ ಒಪ್ಪಿಗೆಯೂ ಬೇಡ. ಎರಡನೆಯದಕ್ಕೆ ಕಾರಣ ಕೊಡಬೇಕು, ಎದುರು ಕಾರಣ ಕೇಳಬೇಕು. ಮೂರನೆಯದು ಅಭಿಪ್ರಾಯದ ಗಡಿ ದಾಟಿ ಇನ್ನೊಬ್ಬರ ಬಾಲ್ಯಕ್ಕೆ ಬೇಲಿ ಹಾಕುವ ಕೆಲಸ. ಇಷ್ಟದಿಂದ ಹೊರಟವರು ಮಧ್ಯದ ಕಾರಣಗಳನ್ನು ಹಾರಿ ನೇರವಾಗಿ ಮೂರನೆಯದಕ್ಕೆ ತಲುಪುವುದೇ ಹೆಚ್ಚು.

ಕಾರಣಗಳನ್ನೇ ನೋಡುವುದಾದರೆ, ಮೊದಲ ತಲೆಮಾರಿನ ಪಕ್ಷದವರಲ್ಲಿ ಬಲವಾದದ್ದೊಂದಿದೆ. ಆ ಆಟವನ್ನು ಒಬ್ಬನೇ ಆಡಿ ಮುಗಿಸುವಂತಿರಲಿಲ್ಲ. ಕೆಲವು ಜೀವಿಗಳು ಕೆಂಪು ಕ್ಯಾಸೆಟ್ಟಿನಲ್ಲಿ ಮಾತ್ರ, ಕೆಲವು ಹಸಿರಿನಲ್ಲಿ ಮಾತ್ರ ಸಿಗುತ್ತಿದ್ದವು. ಇನ್ನು ಕೆಲವು, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿದರೆ ಮಾತ್ರ ಪೂರ್ಣರೂಪಕ್ಕೆ ಬೆಳೆಯುತ್ತಿದ್ದವು. ಅದಕ್ಕಾಗಿ ಎರಡು ಯಂತ್ರಗಳನ್ನು ಒಂದು ವಯರಿನಿಂದ ಜೋಡಿಸಿ ಇಬ್ಬರು ಮಕ್ಕಳು ಪಕ್ಕಪಕ್ಕದಲ್ಲಿ ಕೂರಬೇಕಿತ್ತು. ಕೊಡದೆ ಪೂರ್ಣವಾಗುವುದಿಲ್ಲ ಎಂಬ ನೀತಿಯನ್ನು ಉಪದೇಶವಿಲ್ಲದೆ ಯಂತ್ರದ ಒಳಗೇ ಇಟ್ಟ ಆಟ ಅದು.

ಆದರೆ ಅದೇ ಆಟದ ದೋಷಗಳ ಪಟ್ಟಿಯೂ ಉದ್ದವಿದೆ. ಮಾನಸಿಕ ಶಕ್ತಿಯ ಜೀವಿಗಳನ್ನು ಸೋಲಿಸಬೇಕಿದ್ದ ಭೂತವರ್ಗದ ಏಟು, ಬರೆದವರ ಕೈತಪ್ಪಿನಿಂದ ಅವುಗಳಿಗೆ ತಾಗುತ್ತಲೇ ಇರಲಿಲ್ಲ. ಚೀಲದಲ್ಲಿ 20 ಬಗೆಯ ಸಾಮಾನಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಮುಂದಿನ ತಲೆಮಾರುಗಳು ಇವನ್ನೆಲ್ಲ ಒಂದೊಂದಾಗಿ ತಿದ್ದಿದವು. ಕಟ್ಟೋಣದ ದೃಷ್ಟಿಯಿಂದ ಮೊದಲನೆಯದು ಉತ್ತಮ ಎನ್ನಲು ಬರುವಂತಿಲ್ಲ. ಆದರೂ ಅದನ್ನು ಪ್ರೀತಿಸುವವರು ಈ ದೋಷಗಳನ್ನು, ಮನೆಯ ಸೋರುವ ಮೂಲೆಯ ಬಗ್ಗೆ ಹೇಳುವಂತೆ, ನಗುತ್ತಾ ಹೇಳಿಕೊಳ್ಳುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಪ್ರೀತಿ ಗುಣವನ್ನು ತೂಗಿ ಬರುವುದಲ್ಲ. ಬಂದಮೇಲೆ ಗುಣವನ್ನು ಹುಡುಕುತ್ತದೆ.

ಇಲ್ಲಿ ಇನ್ನೊಂದು ಸಂಗತಿಯಿದೆ. ಈ ಆಟವನ್ನು ಕಲ್ಪಿಸಿದ ಸತೋಶಿ ತಾಜಿರಿ 1965ರಲ್ಲಿ ಹುಟ್ಟಿ, ಟೋಕಿಯೋದ ಹೊರವಲಯದ ಮಚಿಡಾದಲ್ಲಿ ಬೆಳೆದವರು. ಬಾಲ್ಯದಲ್ಲಿ ಗದ್ದೆ, ಕೆರೆ, ಮರಗಳ ನಡುವೆ ಹುಳಗಳನ್ನು ಹಿಡಿಯುವುದು ಅವರ ಹುಚ್ಚು. ಊರು ಬೆಳೆದಂತೆ ಕೆರೆಗಳು ತುಂಬಿಹೋಗಿ, ಕಟ್ಟಡಗಳೂ ರಸ್ತೆಗಳೂ ಬಂದವು. ಹುಳ ಹಿಡಿಯಲು ಜಾಗವಿಲ್ಲದ ಮಕ್ಕಳಿಗೆ ಆ ಸುಖವನ್ನು ಯಂತ್ರದೊಳಗಾದರೂ ಕೊಡಬೇಕೆಂಬುದು ಅವರ ಆಸೆ. ಎರಡು ಗೇಮ್ ಬಾಯ್‌ಗಳ ನಡುವಿನ ವಯರನ್ನು ನೋಡಿದಾಗ, ಅದರ ಮೇಲೆ ಹುಳವೊಂದು ಆಚೆಯಿಂದ ಈಚೆಗೆ ಹರಿದು ಬರುವಂತೆ ಅವರಿಗೆ ಕಂಡಿತಂತೆ. ಅಂದರೆ ಇಂದು ಯಾವ 1996ನ್ನು ಸುವರ್ಣಯುಗವೆಂದು ಕೊಂಡಾಡುತ್ತೇವೆಯೋ ಆ 1996, ಕಳೆದುಹೋದ ಇನ್ನೊಂದು ಕಾಲದ ಹಂಬಲದಿಂದ ಹುಟ್ಟಿದ್ದು. ಹಾಗೆ ಹಂಬಲಿಸಿದವರು ‘ನಮ್ಮ ಕಾಲ ಮುಗಿಯಿತು, ನಿಮಗೆ ಇನ್ನೇನಿದೆ’ ಎಂದು ಮಕ್ಕಳನ್ನು ಹಂಗಿಸಲಿಲ್ಲ. ಸುಮಾರು ಆರು ವರ್ಷ ಕೂತು, ಅವರಿಗೆ ಆಡಲು ಏನನ್ನೋ ಮಾಡಿಕೊಟ್ಟರು. ಹಳೆಯದರ ಪ್ರೀತಿಯಲ್ಲಿ ಎರಡು ಜಾತಿ ಇದೆ ಎಂದು ನನಗೆ ಅನಿಸುವುದು ಇಲ್ಲಿ. ಒಂದು ಬಾಗಿಲು ಹಾಕಿಕೊಳ್ಳುತ್ತದೆ. ಇನ್ನೊಂದು ದಾಟಿಸಲು ದಾರಿ ಹುಡುಕುತ್ತದೆ.

ಹಾಗೆಂದು ಹಳಬರ ದೂರೆಲ್ಲ ಬರಿಯ ಹಟವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಈ ಆಟದಲ್ಲಿ ಒಮ್ಮೆ ಸಾಕಿದ ಜೀವಿಯನ್ನು ಮುಂದಿನ ಆಟಗಳಿಗೆ ಒಯ್ಯಬಹುದು. 2002ರ ಮಾಣಿಕ್ಯದಲ್ಲಿ ಹಿಡಿದದ್ದನ್ನು 2006ರ ವಜ್ರಕ್ಕೆ, ಅಲ್ಲಿಂದ 2010ರ ಕಪ್ಪುಬಿಳಿಗೆ, ಹೀಗೆ ಯಂತ್ರದಿಂದ ಯಂತ್ರಕ್ಕೆ ದಾಟಿಸುತ್ತಾ ಬಂದವರಿದ್ದಾರೆ. ದಾರಿ ಒಮ್ಮುಖ, ದಾಟಿದ್ದು ಹಿಂದಿರುಗುವಂತಿಲ್ಲ. 2019ರಲ್ಲಿ ಖಡ್ಗ ಮತ್ತು ಗುರಾಣಿ ಎಂಬ ಆಟ ಬಂದಾಗ, ಹಳೆಯ ಜೀವಿಗಳಲ್ಲಿ ಎಲ್ಲವಕ್ಕೂ ಅಲ್ಲಿ ಪ್ರವೇಶವಿಲ್ಲವೆಂದು ತಯಾರಕರು ಹೇಳಿದರು. ಸಂಖ್ಯೆ ಅಷ್ಟು ಬೆಳೆದಮೇಲೆ ಎಲ್ಲವನ್ನೂ ಒಂದೇ ಆಟದಲ್ಲಿ ಚೆನ್ನಾಗಿ ಮಾಡುವುದು ಅಸಾಧ್ಯ ಎಂಬುದು ಅವರ ವಾದ. ದೊಡ್ಡ ಗಲಾಟೆಯಾಯಿತು. ಕೂಗಿದವರಲ್ಲಿ ಬರಿದೆ ಕೂಗುವವರೂ ಇದ್ದರು. ಆದರೆ ಹದಿನೇಳು ವರ್ಷ ಒಂದು ಜೀವಿಯನ್ನು ಕೈಯಿಂದ ಕೈಗೆ ಸಾಗಿಸಿ ಬಂದವನು ಹೊಸ್ತಿಲಲ್ಲಿ ನಿಂತು, ‘ನನ್ನದಕ್ಕೆ ಜಾಗವಿಲ್ಲವೇ?’ ಎಂದು ಕೇಳಿದರೆ, ಅದು ಹೊಸತನ್ನು ಹಳಿಯುವ ಮಾತಲ್ಲ. ಹೊಸತರೊಳಗೆ ತನ್ನದನ್ನು ತರಬಯಸಿದವನ ಮಾತು. ಗಡಿಯಲ್ಲಿ ಬದುಕುವ ನಮಗೆ ಆ ಪ್ರಶ್ನೆಯ ದನಿ ಅಪರಿಚಿತವಲ್ಲ.

ಭಾಷೆಯ ವಿಷಯದಲ್ಲಿಯೂ ಈ ಆಟಗಳ ಚರಿತ್ರೆ ಕುತೂಹಲದ್ದು. ಮೊದಲ ಎರಡು ತಲೆಮಾರುಗಳಲ್ಲಿ ಜಪಾನೀ ಕ್ಯಾಸೆಟ್ಟಿಗೂ ಇಂಗ್ಲಿಷ್ ಕ್ಯಾಸೆಟ್ಟಿಗೂ ಕೊಡುಕೊಳ್ಳುವಿಕೆ ಸಾಧ್ಯವಿರಲಿಲ್ಲ. ಬಲವಂತವಾಗಿ ಜೋಡಿಸಿದರೆ ಎರಡೂ ಕೆಡುವ ಭಯ. ಮೂರನೆಯದರಿಂದ ಅದು ಸಾಧ್ಯವಾಯಿತು. ಬೇರೆ ಭಾಷೆಯಿಂದ ಬಂದ ಜೀವಿ ಹೊಸ ಮನೆಯಲ್ಲಿಯೂ ತನ್ನ ತಾಯ್ನುಡಿಯ ಹೆಸರನ್ನೇ ಇಟ್ಟುಕೊಳ್ಳುತ್ತದೆ. 2006ರ ವಜ್ರ ಮತ್ತು ಮುತ್ತಿನಲ್ಲಿ ಇನ್ನೂ ಒಂದು ಹೆಜ್ಜೆ. ಅಲ್ಲಿ ಮೊಟ್ಟೆಯಿಂದ ಅಪರೂಪದ ಬಣ್ಣದ ಮರಿ ಹೊರಡುವ ಸಂಭವ ಸಾಮಾನ್ಯವಾಗಿ 8192ರಲ್ಲಿ ಒಂದು. ತಾಯಿತಂದೆಗಳು ಎರಡು ಬೇರೆ ಭಾಷೆಯ ಆಟಗಳಿಂದ ಬಂದಿದ್ದರೆ ಆ ಸಂಭವ ಹಲವು ಪಟ್ಟು ಹೆಚ್ಚು. ಇದನ್ನು ತಂದ ಜುನಿಚಿ ಮಸುಡಾರ ಹೆಸರಿನಿಂದಲೇ ಆಡುವವರು ಈ ಕ್ರಮವನ್ನು ಕರೆಯುತ್ತಾರೆ. ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ಈ ಮುಖ್ಯ ಆಟಗಳು ಬಂದಿಲ್ಲ ಎಂಬುದು ಬೇರೆ ಮಾತು. ಎರಡು ಭಾಷೆ ಕೂಡಿದಲ್ಲಿ ಹೊಳೆಯುವ ಮರಿ ಹುಟ್ಟುತ್ತದೆ ಎಂಬುದನ್ನು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಮೊದಲ ಕಾಲವೇ ಕೊನೆಯೆಂದು ಅವರು ನಿಲ್ಲಿಸಿದ್ದರೆ ಇದು ಬರುತ್ತಲೇ ಇರಲಿಲ್ಲ.

ಇಷ್ಟು ಹೇಳಿದಮೇಲೆ ನನ್ನ ಆಯ್ಕೆಯನ್ನು ಮುಚ್ಚಿಡುವುದು ಸರಿಯಲ್ಲ. ನನಗೆ ಪ್ರಿಯವಾದದ್ದು 1999ರ ಚಿನ್ನ ಮತ್ತು ಬೆಳ್ಳಿ. ಅದರ ಕಥೆ ಮೊದಲ ಆಟದ ಮೂರು ವರ್ಷಗಳ ಅನಂತರ ನಡೆಯುತ್ತದೆ. ಹೊಸ ನಾಡಿನ ಎಂಟು ಪದಕಗಳನ್ನು ಗೆದ್ದು ಮುಗಿಯಿತೆಂದುಕೊಂಡಾಗ, ಹಳೆಯ ಆಟದ ನಾಡಿಗೆ ದಾರಿ ತೆರೆಯುತ್ತದೆ. ಹೋಗಿ ನೋಡಿದರೆ ಅದು ನೆನಪಿನಲ್ಲಿದ್ದಂತೆ ಇಲ್ಲ. ಸತ್ತ ಜೀವಿಗಳ ಸಮಾಧಿಯಿದ್ದ ಗೋಪುರ ರೇಡಿಯೋ ನಿಲಯವಾಗಿದೆ. ದ್ವೀಪದ ಒಂದು ಊರು ಜ್ವಾಲಾಮುಖಿಗೆ ಬಲಿಯಾಗಿದೆ. ಅಂದು ಹೆಜ್ಜೆಹೆಜ್ಜೆಗೂ ಅಡ್ಡ ಬರುತ್ತಿದ್ದ ಸೊಕ್ಕಿನ ಹುಡುಗ ಆ ಊರಿದ್ದಲ್ಲಿ ನಿಂತು, ಊರೆಂಬುದು ಹೇಗೆ ಕ್ಷಣದಲ್ಲಿ ಇಲ್ಲವಾಗುತ್ತದೆ ಎಂದು ಯೋಚಿಸುತ್ತಿದ್ದಾನೆ. ಎಲ್ಲ ಮುಗಿದಮೇಲೆ ಬೆಳ್ಳಿಬೆಟ್ಟದ ಗುಹೆಯ ತುದಿಯಲ್ಲಿ ಕೊನೆಯ ಎದುರಾಳಿ ಇದ್ದಾನೆ. ಅವನು ಬೇರೆ ಯಾರೂ ಅಲ್ಲ, ಮೊದಲ ಆಟದ ನಾಯಕ; ಅಂದರೆ 1996ರಲ್ಲಿ ನಾವೇ. ಜೊತೆಗೆ 81ನೇ ಮಟ್ಟಕ್ಕೆ ಬೆಳೆದ ಪಿಕಾಚು. ಅವನು ಒಂದು ಮಾತನ್ನೂ ಆಡುವುದಿಲ್ಲ. ತನ್ನ ಕಾಲವನ್ನು ಹೊಗಳುವುದಿಲ್ಲ, ಬಂದವನನ್ನು ಹಳಿಯುವುದಿಲ್ಲ. ತನ್ನ ಪೂರ್ಣ ಬಲದಿಂದ ಎದುರಾಗುತ್ತಾನೆ. ಸೋತರೆ ಸುಮ್ಮನೆ ಮರೆಯಾಗುತ್ತಾನೆ. ಹಿರಿಯರ ನಡತೆಯ ಬಗ್ಗೆ ಮಕ್ಕಳ ಆಟವೊಂದರಲ್ಲಿ ಇದಕ್ಕಿಂತ ಘನವಾದ ಚಿತ್ರವನ್ನು ನಾನು ಕಂಡಿಲ್ಲ.

ಇದು ನನ್ನ ಕಾರಣ. ಇದನ್ನು ಒಪ್ಪದವರು 2010ರ ಕಪ್ಪುಬಿಳಿಯನ್ನು ಎತ್ತಿ ಹಿಡಿಯಬಹುದು. ಜೀವಿಗಳನ್ನು ಹಿಡಿದಿಡುವುದೇ ತಪ್ಪಲ್ಲವೇ ಎಂದು ಎನ್ ಎಂಬ ಪಾತ್ರದ ಬಾಯಿಂದ ಆಟ ತನ್ನನ್ನೇ ಪ್ರಶ್ನಿಸಿಕೊಂಡದ್ದು ಅದರಲ್ಲಿ. ಆ ವಾದವನ್ನು ನಾನು ಸಂತೋಷದಿಂದ ಕೇಳುತ್ತೇನೆ. ನನ್ನ ಪ್ರಿಯವಾದ ಆಟಕ್ಕೆ ಒಂದು ಶಾಪವೂ ಇದೆಯಷ್ಟೆ. ಹಗಲುರಾತ್ರಿ ತೋರಿಸಲು ಅದರೊಳಗೆ ಗಡಿಯಾರವೊಂದು ನಡೆಯುತ್ತಿರುವುದರಿಂದ, ಒಳಗಿನ ಬ್ಯಾಟರಿ ಬೇಗ ಮುಗಿಯುತ್ತದೆ. ಮುಗಿದರೆ ಆವರೆಗೆ ಉಳಿಸಿಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಅದರಿಂದ ಮಾಣಿಕ್ಯಕ್ಕೆ ದಾಟಿಸೋಣವೆಂದರೆ ಅಂದು ಅಲ್ಲಿಗೆ ಸೇತುವೆಯನ್ನೇ ಕಟ್ಟಿರಲಿಲ್ಲ. ಅಣ್ಣನ ಮಗನ ಕ್ಯಾಸೆಟ್ಟಿನಲ್ಲಿ ಈಗ ಏನೂ ಇಲ್ಲ. ಡಬ್ಬಿಯಲ್ಲಿಟ್ಟು ಕಾಪಾಡಿದ್ದರಿಂದ ಅದು ಉಳಿಯಲಿಲ್ಲ.

1956ರ ನವೆಂಬರ್ 1ರಿಂದ ಈಚೆಗೆ ನಮ್ಮ ಕಾಸರಗೋಡಿನಲ್ಲಿ ಕನ್ನಡದ ಒಳ್ಳೆಯ ಕಾಲ ಹಿಂದೆ ಇತ್ತು ಎಂಬ ಮಾತನ್ನು ಕೇಳುತ್ತಾ ಬೆಳೆಯದ ಮಗುವಿಲ್ಲ. ಆ ಮಾತಿನಲ್ಲಿ ಸತ್ಯವಿದೆ, ನೋವಿದೆ. ಆದರೆ ಶಾಲೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಮನೆಯಲ್ಲಿ ಒಂದು ಭಾಷೆ ಆಡುತ್ತಾ ನಮ್ಮ ಕನ್ನಡವನ್ನೂ ಹಿಡಿದುಕೊಂಡಿರುವ ಮಗುವಿಗೆ, ‘ನೀನು ಹುಟ್ಟುವ ಮೊದಲೇ ಎಲ್ಲ ಮುಗಿದಿತ್ತು’ ಎಂದು ದಿನವೂ ಹೇಳಿದರೆ, ಅದು ನಂಬಿಬಿಡುತ್ತದೆ. ಮುಗಿದದ್ದನ್ನು ಯಾರು ಮುಂದುವರಿಸುತ್ತಾರೆ? ಇಷ್ಟವಾದ ಕಾಲವನ್ನು ಇಷ್ಟವೆಂದೇ ಹೇಳೋಣ, ಉತ್ತಮವೆನ್ನುವುದಾದರೆ ಕಾರಣ ಕೊಡೋಣ. ಅಷ್ಟಾದಮೇಲೆ ಎದುರಿಗೆ ಕೂತ ಮಗುವನ್ನು, ‘ನಿನ್ನದು ಯಾವುದು, ಯಾಕೆ?’ ಎಂದು ಕೇಳಿ, ಅದು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕದೆ ಕೂರೋಣ.